ಭಾನುವಾರದ ರೈಲು

೩ ಜನವರಿ ೧೯೬೫, ಭಾನುವಾರ

ಹೆಡ್‌ಮಾಸ್ತರ್ ಆವುಲಪ್ಪನವರು ಶುಕ್ರವಾರ ಕರೆದು ಹೇಳಿದ್ದು ಎರಡು ದಿನದಿಂದ ತಲೆಯಲ್ಲೇ ಸುತ್ತುತ್ತಿದೆ. ಫೆಬ್ರವರಿ ಹದಿನಾಲ್ಕಕ್ಕೆ ನಮ್ಮ ಶಾಲೆಗೆ ಐವತ್ತು ವರ್ಷದ ಸಮಾರಂಭ. ನೆನಪಿನ ಸಂಚಿಕೆಯೊಂದನ್ನು ಅಚ್ಚು ಹಾಕಿಸುತ್ತಾರಂತೆ. "ಇಲ್ಲೇ ಓದಿ ಇಲ್ಲೇ ಟೀಚರ್ ಆದೋರು ನೀವೊಬ್ರೇ ಅನಸೂಯಮ್ಮ. ನಿಮ್ಮ ಶಾಲೆ ದಿನಗಳ ಬಗ್ಗೆ ನಾಲ್ಕು ಪುಟ ಬರ್ಕೊಡಿ. ಅವತ್ತು ಸ್ಟೇಜ್ ಮೇಲೆ ನೀವೇ ಓದ್ಬೇಕು" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಒಳ್ಳೆಯ ಹಾಳೆಯ ಮೇಲೆ ನೇರವಾಗಿ ಬರೆಯಲು ಹೆದರಿಕೆ. ಮೊದಲು ಇಲ್ಲಿ ಗೀಚಿ ನೋಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಮೇಲೂರಿನಲ್ಲಿ ಆಗ ನಾಲ್ಕನೇ ಕ್ಲಾಸಿನ ತನಕ ಮಾತ್ರ ಇತ್ತು. ಅಪ್ಪ ಗಾಡಿ ಕಟ್ಟಿ ನನ್ನನ್ನು ಶಿಡ್ಲಘಟ್ಟಕ್ಕೆ ತಂದು ಅಮ್ಮಾಜತ್ತೆಯ ಮನೆಯಲ್ಲಿ ಬಿಟ್ಟರು. ಈಗಲೂ ಅದೇ ಮನೆ, ಅದೇ ಅತ್ತೆ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಉಳಿದವರು ಎಂಟು ಜನ, ಅವರಲ್ಲಿ ಹುಡುಗಿ ನಾನೊಬ್ಬಳೇ. ಮಸಿ ಮಾತ್ರೆಯನ್ನು ನೀರಲ್ಲಿ ಕರಗಿಸಿ ಕುಡಿಕೆಗೆ ತುಂಬುವುದು ನನ್ನ ಕೆಲಸ. ಬೆರಳು ಮೂರು ದಿನ ನೀಲಿ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಅರ್ಧ ಕ್ಲಾಸು ಖಾಲಿ, ಎಲ್ಲರ ಮನೆಯಲ್ಲೂ ಹುಳು. ನಮ್ಮೆಲ್ಲರ ಪುಸ್ತಕಕ್ಕೂ ಒಂದೇ ವಾಸನೆ. ಕೋನಪ್ಪ ಮೇಷ್ಟ್ರು ಕತ್ತು ಮುಚ್ಚುವ ಕೋಟು ಹಾಕಿಕೊಂಡು ಬಂದು, ಭೂಪಟಕ್ಕೆ ಬೆತ್ತ ಮುಟ್ಟಿಸಿ ಊರು ತೋರಿಸುತ್ತಿದ್ದರು. ಆ ಬೆತ್ತವನ್ನು ಅವರು ಬೇರೆ ಯಾತಕ್ಕೂ ಬಳಸಿದ್ದು ನಾನು ಕಾಣೆ.

೧೯೫೨ರ ಮಾರ್ಚಿನಲ್ಲಿ ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಚಿಕ್ಕ ರೈಲಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದದ್ದು ಮರೆಯಲಾರದ್ದು. ಹುಡುಗರೆಲ್ಲ ಛತ್ರದಲ್ಲಿ, ನಾನು ಮೇಷ್ಟ್ರ ಅಕ್ಕನ ಮನೆಯಲ್ಲಿ. ಏಳು ಜನ ಹೋದೆವು. ದಸ್ತಗಿರ್ ಒಬ್ಬ ಬರಲಿಲ್ಲ. ಪಾಪ, ಅವನಿಗೆ ಮನೆಯಲ್ಲಿ ತೊಂದರೆ. ಪರೀಕ್ಷೆಯಲ್ಲಿ ನಾನೇ ಶಾಲೆಗೆ ಮೊದಲು ಬಂದೆ.

ಇಷ್ಟು ಬರೆದರೆ ಸಾಕು ಅನ್ನಿಸುತ್ತದೆ.

೬ ಜನವರಿ, ಬುಧವಾರ

ಇವತ್ತು ದಸ್ತಗಿರ್ ಶಾಲೆಗೆ ಬಂದಿದ್ದರು. ಅವರ ಮಗಳು ಗೌಹರ್ ನನ್ನ ಮೂರನೇ ಕ್ಲಾಸಿನಲ್ಲೇ ಇದ್ದಾಳೆ. ರಂಜಾನ್ ತಿಂಗಳು ಶುರುವಾಗಿದೆ, ಮಗಳನ್ನು ಅರ್ಧ ಗಂಟೆ ಬೇಗ ಬಿಡಬಹುದಾ ಎಂದು ಕೇಳಲು ಬಂದದ್ದು. ನಾನು ಆಗ ಹೆಡ್‌ಮಾಸ್ತರ್ ರೂಮಿನಲ್ಲೇ ಇದ್ದೆ.

ಆವುಲಪ್ಪನವರು ಸಮಾರಂಭದ ಮಾತು ತೆಗೆದರು. "ನೀವೂ ಹಳೇ ವಿದ್ಯಾರ್ಥಿ, ಈಗ ಒಳ್ಳೆ ರೇಷ್ಮೆ ರೀಲರ್ ಅನ್ನಿಸ್ಕೊಂಡಿದೀರ. ಮುಂದೆ ನಿಂತು ಮಾಡ್ಬೇಕು. ಕೋನಪ್ಪ ಮೇಷ್ಟ್ರಿಗೆ ಶಾಲು ಹೊದಿಸ್ತಾ ಇದೀವಿ."

ದಸ್ತಗಿರ್ ಮುಖ ಬಿಗಿದುಕೊಂಡಿತು. "ಹಾಗಾದ್ರೆ ನಾನ್ ಬರಲ್ಲ ಸಾರ್. ಬೇಜಾರ್ ಮಾಡ್ಕೋಬೇಡಿ."

"ಯಾಕಪ್ಪಾ? ಅಂಥ ಮೇಷ್ಟ್ರು ಈ ತಾಲ್ಲೂಕಲ್ಲೇ ಇಲ್ಲ."

"ಪರೀಕ್ಷೆಗೆ ಎಲ್ಲಾರ್ನೂ ಕರ್ಕೊಂಡೋದ್ರು, ನನ್ನೊಬ್ಬನ್ನ ಬಿಟ್ಟೋದ್ರು ಸಾರ್. ಸೋಮವಾರದ ರೈಲು ಅಂದಿದ್ರು. ಬುತ್ತಿ ಕಟ್ಕೊಂಡು ಸ್ಟೇಷನ್‌ಗೆ ಹೋದೆ. ನಿಮ್ ಸ್ಕೂಲೋರು ನೆನ್ನೇನೇ ಹೋದ್ರಲ್ಲಯ್ಯಾ ಅಂದ್ರು ಸ್ಟೇಷನ್ ಮಾಸ್ಟ್ರು. ನೂಲು ತೆಗೆಯೋನ್ ಮಗ, ಇವ್ನೇನ್ ಓದಿ ಉದ್ಧಾರ ಆಗ್ತಾನೆ ಅಂತ ಬಿಟ್ಟಿರ್ಬೇಕು. ಅವತ್ತಿಂದ ಆ ಮನುಷ್ಯನ ಮುಖ ನೋಡಿಲ್ಲ ನಾನು." ಆಮೇಲೆ ನನ್ನ ಕಡೆ ತಿರುಗಿ, "ಇವರೂ ಆ ರೈಲಲ್ಲಿದ್ರು. ಇವರ್ನೇ ಕೇಳಿ" ಅಂದರು.

ಆವುಲಪ್ಪನವರು ನನ್ನ ಮುಖ ನೋಡಿದರು. ನನಗೆ ಸರಿಯಾಗಿ ನೆನಪಿಲ್ಲ ಅಂದೆ.

ನೆನಪಿದೆ. ಶನಿವಾರ ಬೆಳಿಗ್ಗೆ ಮೇಷ್ಟ್ರಿಗೆ ಕಾಗದ ಬಂತು, ಸೋಮವಾರ ಪರೀಕ್ಷೆ ಬೆಳಿಗ್ಗೆ ಎಂಟಕ್ಕೇ ಶುರು ಎಂದು. ಸೋಮವಾರದ ರೈಲು ಚಿಕ್ಕಬಳ್ಳಾಪುರ ಮುಟ್ಟುವುದು ಹತ್ತಕ್ಕೆ. ಹಾಗಾಗಿ ಎಲ್ಲರೂ ಭಾನುವಾರವೇ ಹೊರಡಬೇಕು ಅಂದರು. ಆ ದಿನ ದಸ್ತಗಿರ್ ಬಂದಿರಲಿಲ್ಲ; ಅವನ ತಂದೆ ಖಲೀಮುಲ್ಲಾ ಸಾಹೇಬರಿಗೆ ಜ್ವರ ಬಂದು ಇವನು ರೇಷ್ಮೆ ನೂಲು ತೆಗೆಯುವ ಚರಕಕ್ಕೆ ಕೂತಿದ್ದ. "ಮನೆಗೆ ಹೋಗ್ತಾ ಅವನಿಗೆ ಹೇಳ್ಬಿಟ್ಟು ಹೋಗಮ್ಮ" ಎಂದು ಮೇಷ್ಟ್ರು ನನಗೇ ಹೇಳಿದ್ದರು. ಅವನ ಬೀದಿಯ ಯಾರೋ ಹುಡುಗನಿಗೆ ಹೇಳಿ ಕಳಿಸಿದೆ ಎಂದು ಜ್ಞಾಪಕ. ಆ ಹುಡುಗ ಮರೆತಿರಬೇಕು.

೭ ಜನವರಿ, ಗುರುವಾರ

ಹಾಜರಿಯನ್ನು ಎರಡು ಸಲ ಕೂಗಿದೆ. ಮಕ್ಕಳು ನಕ್ಕರು. ಊಟ ಸೇರಲಿಲ್ಲ.

೧೦ ಜನವರಿ, ಭಾನುವಾರ

ಲೇಖನ ಎರಡು ಪುಟ ಆಯಿತು. ಸ್ಟೇಷನ್ನಿನ ಬಗ್ಗೆ ಬರೆದೆ. ರೈಲು ಬರುವ ಮುಂಚೆ ಹಳಿಗೆ ಕಿವಿ ಇಟ್ಟು ಕೇಳುತ್ತಿದ್ದ ಹುಡುಗರು, ಬುಟ್ಟಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದ ಅಕ್ಕಯ್ಯಮ್ಮ, ಏರು ಬಂದಾಗ ಇಳಿದು ಪಕ್ಕದಲ್ಲಿ ನಡೆಯಬಹುದಾದಷ್ಟು ನಿಧಾನಕ್ಕೆ ಹೋಗುತ್ತಿದ್ದ ಗಾಡಿ. ಓದಿ ಹೇಳಿದರೆ ಅತ್ತೆಗೆ ಬಲು ಖುಷಿ. "ಅಯ್ಯೋ, ಅಕ್ಕಯ್ಯಮ್ಮನ್ನ ಎಲ್ಲಿಂದ ಹಿಡ್ಕೊಂಡು ಬಂದ್ಯೇ!" ಅಂದಳು. ಆಮೇಲೆ ನನ್ನ ತಟ್ಟೆ ನೋಡಿ, "ಏಮ್ಮಾ, ಹಿಂಗೆ ತಿಂದ್ರೆ ಬದುಕ್ತೀಯಾ ನೀನು?" ಎಂದು ಗೊಣಗಿದಳು.

ದಸ್ತಗಿರ್ ವಿಷಯ ಹೀಗಿರಬೇಕು: ಬೀದಿಯ ಹುಡುಗನಿಗಲ್ಲ, ನಾನೇ ಹೋಗಿದ್ದೆ. ಮಸೀದಿ ಹಿಂದಿನ ಬೀದಿಯ ತಿರುವಿನ ತನಕ. ಅಲ್ಲಿ ಎರಡು ನಾಯಿ ಮಲಗಿದ್ದವು. ಜೊತೆಗೆ, ಆ ಕಡೆ ಒಬ್ಬಳೇ ಹೋಗಬೇಡ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಳು. ಹದಿಮೂರು ವರ್ಷದ ಹುಡುಗಿ, ಹೆದರಿ ವಾಪಸು ಬಂದಿದ್ದರೆ ಅದರಲ್ಲಿ ಅಂಥಾ ತಪ್ಪೇನು? ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬಾಗಿಲ ಅಗುಳಿ ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡಿದೆ. ಹಾಕಿತ್ತು.

೧೫ ಜನವರಿ, ಶುಕ್ರವಾರ

ಸಂಕ್ರಾಂತಿಗೆ ಮೇಲೂರಿಗೆ ಹೋಗಿದ್ದೆ. ಕೋನಪ್ಪ ಮೇಷ್ಟ್ರು ರಿಟೈರ್ ಆದ ಮೇಲೆ ಅಲ್ಲೇ ಮಗಳ ಮನೆಯಲ್ಲಿದ್ದಾರೆ. ಎಳ್ಳು ಬೀರುವ ನೆಪದಲ್ಲಿ ಹೋದೆ. ಹೋಗಬಾರದಿತ್ತು.

ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದು, "ಅನಸೂಯಾನಾ? ಬಾಮ್ಮ, ಬಾ ಇಲ್ಲಿ. ಈ ಬೆಂಚಿನ ಮೇಲೆ ಕೂತ್ಕೋ. ನನ್ನ ಶಾಲೇಲಿ ಈಗ ನೀನು ಮೇಷ್ಟ್ರು, ಅಲ್ವೇನೇ?" ಎಂದು ಜೋರಾಗಿ ನಕ್ಕರು. ಸಮಾರಂಭದ ಸುದ್ದಿ ಮುಟ್ಟಿದೆ. ಕೋಟು ಒಗೆಸಿಟ್ಟಿದ್ದಾರೆ.

"ಎಲ್ಲಾ ಹಳೇ ಹುಡುಗರೂ ಬರ್ತಾರಾ?" ಎಂದು ಕೇಳಿದರು. ಬರುತ್ತಾರೆ ಅಂದೆ.

"ದಸ್ತಗಿರ್?"

ನಾನು ಎಳ್ಳಿನ ಪೊಟ್ಟಣದ ದಾರ ಸರಿಮಾಡಿದೆ.

"ಬರಲ್ಲ ಬಿಡು. ಸಂತೆಬೀದೀಲಿ ಒಂದ್ಸಲ ಎದುರಿಗೆ ಸಿಕ್ದ, ತಲೆ ತಗ್ಗಿಸ್ಕೊಂಡು ಹೋದ. ನನ್ನ ಸರ್ವೀಸಲ್ಲಿ ಅಂಥ ತಲೆ ಇನ್ನೊಂದು ನೋಡ್ಲಿಲ್ಲ ಕಣಮ್ಮ ನಾನು. ಹೈಸ್ಕೂಲ್ ಫೀಜು ಮಾಫಿ ಮಾಡ್ಸೋಕೆ ಅರ್ಜಿ ಕೂಡ ಬರೆದಿಟ್ಟಿದ್ದೆ. ನಿನ್ನ ಕೈಲಿ ಹೇಳಿ ಕಳ್ಸಿದ್ನಲ್ಲ, ಆದ್ರೂ ಬರಲಿಲ್ಲ. ಚರಕಾನೇ ಸಾಕು ಅನ್ನಿಸ್ತೋ ಏನೋ. ನನಗಿಂತ ಅವನಿಗೆ ಅದು ಹೆಚ್ಚಾಯ್ತಲ್ಲ ಅಂತ ಆ ಬೇಸಿಗೇಲೇ ಗೌರಿಬಿದನೂರಿಗೆ ವರ್ಗ ಮಾಡಿಸ್ಕೊಂಡು ಹೋದೆ."

ಕೈಯಲ್ಲಿದ್ದ ಎಳ್ಳಿನ ಪೊಟ್ಟಣ ಅಲ್ಲೇ ಬೆಂಚಿನ ಮೇಲೆ ಇಟ್ಟು ಬಂದೆ. ಪರೀಕ್ಷೆಗೆ ಹೊರಟ ಆ ಭಾನುವಾರ ಸ್ಟೇಷನ್ನಿನಲ್ಲಿ ಇವರು ನನ್ನನ್ನು ಕೇಳಿದ್ದರು, "ದಸ್ತಗಿರ್‌ಗೆ ಹೇಳಿದ್ಯೇನಮ್ಮ?" ಎಂದು. ನಾನು ಹೂಂ ಎಂದು ತಲೆ ಆಡಿಸಿದ್ದೆ. ರೈಲು ಬಂದು ನಿಂತಾಗಲೂ ಅವರು ಒಂದು ಕಾಲು ಪ್ಲಾಟ್‌ಫಾರಮ್ಮಿನ ಮೇಲೇ ಇಟ್ಟುಕೊಂಡು, ಗೇಟಿನ ಕಡೆ ನೋಡುತ್ತಿದ್ದರು. ಗಾರ್ಡು ಬೈದ ಮೇಲೆ ಹತ್ತಿದರು.

೨೦ ಜನವರಿ, ಬುಧವಾರ

ಸಮಾರಂಭದ ದಿನ ಒಂದೊಂದು ಕ್ಲಾಸಿನಿಂದ ಒಂದು ಮಗು ಪದ್ಯ ಹೇಳಬೇಕು. ನಮ್ಮ ಕ್ಲಾಸಿನಿಂದ ಚಿಕ್ಕವೆಂಕಟಮ್ಮನ ಹೆಸರು ಬರೆದುಕೊಟ್ಟೆ. ಮಗು ದನಿ ಸಣ್ಣದು, ಮಧ್ಯೆ ಮರೆಯುತ್ತಾಳೆ, ಆದರೂ ಕಲಿಸಿದರೆ ಕಲಿತಾಳು. ಗೌಹರ್ ಚೆನ್ನಾಗಿ ಹೇಳುತ್ತಾಳೆ, ನಿಜ. ಉಪವಾಸದ ತಿಂಗಳು, ಅವರ ಮನೆಯವರು ಒಪ್ಪುತ್ತಾರೋ ಇಲ್ಲವೋ. ಉಚ್ಚಾರಣೆಯಲ್ಲೂ ಅಲ್ಲೊಂದು ಇಲ್ಲೊಂದು ಕಡೆ ಸ್ವಲ್ಪ ಬೇರೆ. ಆಕೆ ಸ್ಟೇಜಿನ ಮೇಲೆ, ಎದುರಿಗೆ ಅವಳ ತಂದೆ, ಪಕ್ಕದಲ್ಲಿ ಮೇಷ್ಟ್ರು. ಬೇಡ.

೨೨ ಜನವರಿ, ಶುಕ್ರವಾರ

ಎಲ್ಲ ಮಕ್ಕಳೂ ಹೋದ ಮೇಲೆ ಗೌಹರ್ ಬಾಗಿಲಲ್ಲಿ ನಿಂತಿದ್ದಳು. ಸ್ಲೇಟನ್ನು ಎದೆಗೆ ಅವಚಿಕೊಂಡಿದ್ದಳು.

"ಟೀಚರ್, ನಾನು ಪದ್ಯ ತಪ್ಪು ಹೇಳಿದ್ನಾ?"

"ಇಲ್ಲಮ್ಮ."

"ಮತ್ತೆ ನೀವು ನನ್ನ ಎಬ್ಬಿಸೋದೇ ಇಲ್ಲ. ಸಂಕ್ರಾಂತಿ ರಜಾ ಕಳ್ದಾಗಿಂದ ಒಂದು ದಿನಾನೂ ಎಬ್ಬಿಸಿಲ್ಲ. ಕೈ ಎತ್ತಿದ್ರೂನು."

ಹೌದಾ ಎಂದು ಕೇಳಿದೆ. ಹೌದು ಎಂದು ತಲೆ ಆಡಿಸಿದಳು. ದೂರು ಹೇಳುವ ಮುಖವಲ್ಲ ಅದು. ತನ್ನ ತಪ್ಪು ಯಾವುದು ಎಂದು ತಿಳಿದುಕೊಳ್ಳಲು ಬಂದಿದ್ದಳು. ನಾನು ಅವಳಿಗೆ ಏನೋ ಹೇಳಿ ಕಳಿಸಿದೆ. ಏನು ಹೇಳಿದೆನೋ ಈಗ ತಿಳಿಯುತ್ತಿಲ್ಲ.

೨೪ ಜನವರಿ, ಭಾನುವಾರ

ಅತ್ತೆ ಬೀಗರ ಮನೆಗೆ ಚಿಂತಾಮಣಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ. ಹಿಂದಿನ ಪುಟಗಳನ್ನು ತಿರುಗಿಸಿ ನೋಡದೆ ಬರೆಯುತ್ತೇನೆ.

ನಾಯಿ ಇರಲಿಲ್ಲ. ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿಕೊಂಡು ನಾನು ದಸ್ತಗಿರ್ ಮನೆಯ ತನಕ ಹೋದೆ. ಬಾಗಿಲ ಪಕ್ಕದ ಕಿಟಕಿ ತೆಗೆದಿತ್ತು. ಒಳಗೆ ಅವನು ಚರಕದ ಮುಂದೆ ಕೂತಿದ್ದ, ಬಿಸಿನೀರಿನ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಗೋಡೆಗೆ ಭೂಗೋಳದ ಪುಸ್ತಕ ಒರಗಿಸಿದ್ದ. ಅದರ ಕಡೆ ನೋಡುತ್ತಲೂ ಇರಲಿಲ್ಲ. ಕೈ ಒಂದು ಕಡೆ, ಬಾಯಿ ಒಂದು ಕಡೆ. "ಉತ್ತರ ಪಿನಾಕಿನಿ ನಂದಿಯ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣ ಪಿನಾಕಿನಿ..." ನಾನು ಆ ಎರಡು ನದಿಗಳನ್ನು ಇಡೀ ವರ್ಷ ಅದಲು ಬದಲು ಮಾಡುತ್ತಿದ್ದೆ. ಅವನು ಒಂದು ಕಡೆಯೂ ತಡವರಿಸಲಿಲ್ಲ. ಪಾಠ ಮುಗಿಯುವ ತನಕ ನಾನು ಕಿಟಕಿಯ ಪಕ್ಕದಲ್ಲಿ ನಿಂತು ಕೇಳಿದೆ. ಇವನು ಬಂದರೆ ಇವನೇ ಮೊದಲು ಅನ್ನಿಸಿತು. ಮೊದಲು ಬಂದರೆ ಹೈಸ್ಕೂಲಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮದುವೆ ಎಂದು ಅಪ್ಪ ಹೇಳಿದ್ದು ನೆನಪಾಯಿತು. ಅವನನ್ನು ಕರೆಯಲು ಬಾಯಿ ತೆಗೆದಿದ್ದೆ. ಮುಚ್ಚಿಕೊಂಡು ಬಂದೆ.

ಇಷ್ಟೇ ಅಲ್ಲ. ಪರೀಕ್ಷೆಯ ಮೂರನೇ ದಿನ ಭೂಗೋಳದಲ್ಲಿ ಆ ನದಿಗಳ ಪ್ರಶ್ನೆಯೇ ಬಂತು. ಕಿಟಕಿಯಲ್ಲಿ ಕೇಳಿಸಿಕೊಂಡದ್ದನ್ನು ಅಕ್ಷರ ಬಿಡದೆ ಬರೆದೆ.

೩೧ ಜನವರಿ, ಭಾನುವಾರ

ಹೇಳಿಬಿಟ್ಟೆ.

ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಮನೆ ಅದೇ, ಹಿಂದೆ ಒಂದು ಶೆಡ್ಡು ಹಾಕಿ ನಾಲ್ಕು ಚರಕ ಇಟ್ಟಿದ್ದಾರೆ. ಉಪವಾಸ ಇದ್ದರೂ ದಸ್ತಗಿರ್ ಅವರೇ ಒಂದು ಚರಕಕ್ಕೆ ಕೂತಿದ್ದರು. ಅವರ ಹೆಂಡತಿ ಷಮೀಮ್ ಸ್ಟೂಲು ತಂದಿಟ್ಟರು. "ಗೌಹರ್ ಏನಾದ್ರೂ ತರಲೆ ಮಾಡಿದ್ಲಾ ಟೀಚರ್?" ಎಂದು ಗಾಬರಿಯಿಂದ ಕೇಳಿದರು. ಇಲ್ಲ, ತರಲೆ ಮಾಡಿದ್ದು ನಾನು ಅಂದೆ. ಅವರಿಗೆ ತಮಾಷೆ ಅನ್ನಿಸಿ ನಕ್ಕರು.

ನಿಂತುಕೊಂಡೇ ಹೇಳಿದೆ. ಮೇಷ್ಟ್ರು ಹೇಳಿ ಕಳಿಸಿದ್ದು, ಕಿಟಕಿ, ನದಿಗಳು, ಸ್ಟೇಷನ್ನಿನಲ್ಲಿ ತಲೆ ಆಡಿಸಿದ್ದು, ಮೇಷ್ಟ್ರು ಗೇಟಿನ ಕಡೆ ನೋಡಿದ್ದು. ಮೊನ್ನೆ ಹೆಡ್‌ಮಾಸ್ತರ್ ಎದುರಿಗೆ ನೆನಪಿಲ್ಲ ಅಂದದ್ದು. ಗೌಹರಳನ್ನು ಪದ್ಯಕ್ಕೆ ಬಿಟ್ಟದ್ದನ್ನೂ ಹೇಳಿದೆ. ದಸ್ತಗಿರ್ ಕೈ ನಿಲ್ಲಿಸಲಿಲ್ಲ. ನೂಲಿನ ಎಳೆ ಕಡಿದಾಗ ಬಿಸಿನೀರಿಗೆ ಬೆರಳು ಅದ್ದಿ ಇನ್ನೊಂದು ಗೂಡಿನ ಎಳೆ ತೆಗೆದು ಸೇರಿಸಿದರು.

ಎಳೆ ಕೂಡಿದ ಮೇಲೆ, "ಆ ಪ್ರಶ್ನೆ ಬಂದಿತ್ತಾ ಪರೀಕ್ಷೇಲಿ?" ಅಂದರು.

"ಬಂದಿತ್ತು."

"ಎಷ್ಟ್ ಮಾರ್ಕಿಗೆ?"

"ಹತ್ತು."

ಅವರು ಚರಕ ನಿಲ್ಲಿಸಿದರು. "ನಮ್ಮಪ್ಪ ಅವತ್ತು ಜ್ವರದಲ್ಲಿ ಮಲ್ಗಿದ್ರು. ನಾನು ಸ್ಟೇಷನ್ನಿಂದ ವಾಪಸ್ ಬಂದಿದ್ದು ನೋಡಿ, ಅವರು ನಿನ್ನ ಬೇಡ ಅಂದ್ಮೇಲೆ ನೀನ್ಯಾಕೆ ಅಲ್ಲಿಗ್ ಹೋಗ್ತೀಯ ಬೇಟಾ ಅಂದ್ರು. ಸಾಯೋ ತನಕ ಮೇಷ್ಟ್ರನ್ನ ಬೈತಿದ್ರು. ನಾನೂ ಬೈದೆ. ಹದಿಮೂರು ವರ್ಷ. ಏನೂ ತಪ್ಪು ಮಾಡ್ದೇ ಇರೋ ಮನುಷ್ಯನ್ನ."

ನಾನು ಏನೋ ಹೇಳಲು ಹೋದೆ.

"ಉಪವಾಸ ಇದೀನಿ ಅನಸೂಯಮ್ಮನೋರೆ. ಬಾಯಲ್ಲಿ ಕೆಟ್ಟ ಮಾತು ಬರಬಾರ್ದು. ನೀವು ಹೋಗಿ."

ಷಮೀಮ್ ಬಾಗಿಲ ತನಕವೂ ಬರಲಿಲ್ಲ.

೧ ಫೆಬ್ರವರಿ, ಸೋಮವಾರ

ಗೌಹರ್ ಬಂದಿಲ್ಲ.

೨ ಫೆಬ್ರವರಿ, ಮಂಗಳವಾರ

ಬಂದಿಲ್ಲ.

೫ ಫೆಬ್ರವರಿ, ಶುಕ್ರವಾರ

ನಿನ್ನೆ ರಂಜಾನ್ ಹಬ್ಬ. ಆ ಬೀದಿಯ ಮಕ್ಕಳೆಲ್ಲ ಇವತ್ತು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ಗೌಹರ್ ಒಬ್ಬಳು ಇಲ್ಲ. ಹಬ್ಬಕ್ಕೆ ಅಜ್ಜಿ ಊರಿಗೆ ಹೋಗಿರಬಹುದು. ಟಿ.ಸಿ. ಕೇಳಿಕೊಂಡು ಯಾರಾದರೂ ಬಂದಿದ್ದರಾ ಎಂದು ಆಫೀಸಿನ ಜವಾನನನ್ನು ಕೇಳಿದೆ. ಇಲ್ಲ ಅಂದ. ಮಧ್ಯಾಹ್ನ ಮತ್ತೆ ಕೇಳಿದೆ. "ಬೆಳಿಗ್ಗೇನೇ ಹೇಳಿದ್ನಲ್ಲ ಮೇಡಂ" ಅಂದ.

ನಾನು ಬಾಯಿ ಬಿಟ್ಟದ್ದರಿಂದ ನನಗೆ ಹಗುರವಾಯಿತು, ಮಗುವಿಗೆ ಶಾಲೆ ತಪ್ಪಿತು. ಆ ಮನೆಗೆ ಎರಡನೇ ಸಲ.

೯ ಫೆಬ್ರವರಿ, ಮಂಗಳವಾರ

ಆವುಲಪ್ಪನವರಿಗೂ ಎಲ್ಲ ಹೇಳಿ ಲೇಖನದ ಹಾಳೆಗಳನ್ನು ಮೇಜಿನ ಮೇಲೆ ಇಟ್ಟೆ. ಈಗ ಅದರಲ್ಲಿ ಕಿಟಕಿಯ ವಿಷಯವೂ ಇದೆ. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಎಂಥಾ ಸೊಗಸಾಗಿ ಬರ್ದಿದೀರಿ, ರೈಲು, ಸೀಬೆಹಣ್ಣು... ಈ ಕಡೇ ಪುಟ ಯಾಕೆ? ಅದೊಂದು ತೆಗೆದ್ಬಿಡಣ. ಸಂತೋಷದ ಸಮಾರಂಭ."

"ಹಾಕಿದ್ರೆ ಎಲ್ಲಾ ಹಾಕಿ ಸಾರ್. ಇಲ್ದಿದ್ರೆ ಯಾವುದೂ ಬೇಡ."

"ನಾಳೆ ನಿಮ್ಮನ್ನ ಕೇಳೋರು ನೂರು ಜನ ಇರ್ತಾರೆ ಅನಸೂಯಮ್ಮ. ಊರು ಚಿಕ್ಕದು."

ಹಾಕುವುದಿಲ್ಲ ಎಂದು ತೀರ್ಮಾನವಾಯಿತು. ಪದ್ಯಕ್ಕೆ ಗೌಹರ್ ಹೆಸರು ಬರೆಯಿರಿ ಅಂದೆ. ಮಗು ಶಾಲೆಗೇ ಬರುತ್ತಿಲ್ಲವಲ್ಲ ಅಂದರು. ಹಾಳೆಗಳನ್ನು ಮಡಚಿಕೊಂಡು ಬಂದೆ.

ಸಂಜೆ ಮೇಲೂರಿಗೆ ಹೋದೆ. ಮೇಷ್ಟ್ರ ಮಗಳು ಶ್ಯಾಮಲಮ್ಮ ನನ್ನನ್ನು ಹೊಸಿಲಲ್ಲೇ ನಿಲ್ಲಿಸಿದಳು. "ಭಾನುವಾರ ಆ ಸಾಬರು ಬಂದಿದ್ರು ಅಕ್ಕಾ. ಅಪ್ಪನ ಕಾಲ ಹತ್ರ ಕೂತ್ಕೊಂಡು ಒಂದೇ ಸಮ ಅತ್ಬಿಟ್ರು. ಅಪ್ಪಾನೂ ಅತ್ರು. ಎಲ್ಲಾ ಹೇಳಿ ಹೋದ್ರು. ಅಪ್ಪ ಈಗ ಮಲ್ಗಿದಾರೆ, ಆಮೇಲ್ ಬನ್ನಿ." ಒಳಗಿನಿಂದ ಮೇಷ್ಟ್ರು ಕೆಮ್ಮಿದ್ದು ಕೇಳಿಸಿತು. ಮಲಗಿರಲಿಲ್ಲ. ಹಾಗೇ ತಿರುಗಿ ನಾಲ್ಕು ಮೈಲಿ ನಡೆದುಕೊಂಡೇ ಬಂದೆ.

೧೪ ಫೆಬ್ರವರಿ, ಭಾನುವಾರ

ಸಮಾರಂಭ ಆಯಿತು. ಮಕ್ಕಳಿಗೆ ನೀರು ಕೊಡುವ ಕೆಲಸ ಹಾಕಿಸಿಕೊಂಡು ನಾನು ಗೇಟಿನ ಪಕ್ಕ ಹಂಡೆಗಳ ಹತ್ತಿರ ಇದ್ದೆ.

ಹತ್ತು ಗಂಟೆಗೆ ಒಂದು ಜಟಕಾ ಬಂದು ನಿಂತಿತು. ಮೊದಲು ದಸ್ತಗಿರ್ ಇಳಿದರು, ಆಮೇಲೆ ಮೇಷ್ಟ್ರ ಕೈ ಹಿಡಿದು ಇಳಿಸಿಕೊಂಡರು. ಒಗೆದ ಕೋಟು, ತಲೆಗೆ ರುಮಾಲು. ಕಲ್ಲು ಇದೆ ಸಾರ್, ಇಲ್ಲಿ ಒಂದು ಮೆಟ್ಟಿಲು ಸಾರ್ ಎಂದು ಹೇಳುತ್ತಾ ದಸ್ತಗಿರ್ ನಡೆಸಿಕೊಂಡು ಬಂದರು. ಹಂಡೆಯ ಹತ್ತಿರ ಬಂದಾಗ ಓಡಿ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. "ಮೇಷ್ಟ್ರೇ, ನಾನು ಅನಸೂಯ" ಅಂದೆ.

ಅವರು ನಿಂತರು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಚೆನ್ನಾಗಿದೀರಾ?" ಅಂದರು. "ಮಕ್ಕಳಿಗೆ ಬಿಸಿಲಾಗತ್ತೆ, ನೋಡ್ಕೊಳಿ."

ಅಷ್ಟೇ ಅಂದು ಮುಂದೆ ಹೋದರು. ಹತ್ತನೇ ವಯಸ್ಸಿನಿಂದ ಮೇಷ್ಟ್ರ ಬಾಯಲ್ಲಿ ನಾನು ಬಾಮ್ಮ, ಹೋಗಮ್ಮ, ಕಣೇ. ಇವತ್ತು ಬಹುವಚನ.

ಶಾಲನ್ನು ದಸ್ತಗಿರ್ ಕೈಯಿಂದಲೇ ಹೊದಿಸಿದರು. ಮೇಷ್ಟ್ರು ಎದ್ದು ನಿಂತು ಮಾತಾಡಿದರು, ಹಳೆಯ ಹುಡುಗರ ಹೆಸರು ಒಂದೊಂದಾಗಿ ಹೇಳಿದರು, ನಮ್ಮ ಕ್ಲಾಸಿನ ಎಂಟರಲ್ಲಿ ಏಳು. ಚಿಕ್ಕವೆಂಕಟಮ್ಮ ಪದ್ಯದ ಮಧ್ಯೆ ಮರೆತು ನಿಂತಳು. ಗೌಹರ್ ತಾಯಿಯ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮುಂದಿನ ಸಾಲು ಅವಳ ತುಟಿಯ ಮೇಲೆ ಆಡುತ್ತಿದ್ದುದು ನನಗೆ ಗೇಟಿನಿಂದಲೇ ಕಂಡಿತು.

ಮನೆಗೆ ಬಂದು ಊಟ ಮಾಡಿ ಮಲಗಿದೆ. ಅತ್ತೆ ಎಬ್ಬಿಸಿದಾಗ ದೀಪ ಹಚ್ಚಿಯಾಗಿತ್ತು.

೧೫ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಹಾಜರಿ ಕೂಗುವಾಗ ಗೌಹರ್ ತನ್ನ ಜಾಗದಲ್ಲಿ ಕೂತಿದ್ದಳು. ಹೆಸರು ಕೂಗಿದೆ. ಹಾಜರ್ ಟೀಚರ್ ಅಂದಳು. ಆಮೇಲೆ ಎದ್ದು ನನ್ನ ಮೇಜಿನ ಹತ್ತಿರವೇ ಬಂದು, ಬೇರೆ ಮಕ್ಕಳಿಗೆ ಕೇಳಿಸದ ಹಾಗೆ ಹೇಳಿದಳು.

"ಟೀಚರ್, ನಿಮ್ ಹತ್ರ ಪಾಠ ಬಿಟ್ಟು ಬೇರೆ ಮಾತಾಡ್ಬೇಡ ಅಂತ ಅಬ್ಬಾ ಹೇಳಿದಾರೆ."

"ಸರಿಯಮ್ಮ."

"ಪಾಠ ಮಾತ್ರ ಒಂದೂ ಬಿಡಬೇಡ, ಆ ಟೀಚರ್‌ಗೆ ಚೆನ್ನಾಗಿ ಬರತ್ತೆ ಅಂದ್ರು."

ಎರಡು ವಾರದ ಪಾಠ ಅವಳಿಗೆ ತಪ್ಪಿತ್ತು. ಉಳಿದ ಮಕ್ಕಳಿಗೆ ಲೆಕ್ಕ ಕೊಟ್ಟು, ಅವಳನ್ನು ಮೇಜಿನ ಪಕ್ಕ ಕೂರಿಸಿಕೊಂಡು ಮೊದಲನೆಯದರಿಂದ ಶುರು ಮಾಡಿದೆ.